ಚೆರ್ರಿ ಜಾಮ್ ನೆನಪಿಟ್ಟುಕೊಂಡ ಅಣ್ಣ

ಪ್ರೀತಿಯ ಗೆಳೆಯ,

ಕೊನೆಗೂ ರಷ್ಯದ ಲೇಖಕ ದಾಸ್ತೋವಸ್ಕಿಯ 'ಕರಮಜೋವ್ ಸಹೋದರರು' ಕಾದಂಬರಿ ಓದಿ ಮುಗಿಸಿದೆ. ಪೂರ್ತಿ ಒಂದು ತಿಂಗಳು ಹಿಡಿಯಿತು. ಅದೊಂದು ಕೊಲೆಯ ಕಥೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅಪ್ಪ ಇದ್ದೂ ಇಲ್ಲದ ಮಕ್ಕಳ ಕಥೆಯಾಗಿ ಕಂಡಿತು. ಅಕ್ಕನ ಜೊತೆ ಕೂತರೆ ಅಪ್ಪನ ವಿಷಯ ಒಂದು ಬಿಟ್ಟು ಉಳಿದದ್ದೆಲ್ಲ ಮಾತಾಡ್ತೀವಿ ಅಂತ ನೀನು ಹೇಳಿದ್ದೆಯಲ್ಲ, ಓದುವಾಗೆಲ್ಲ ಅದೇ ನೆನಪಾಗುತ್ತಿತ್ತು.

ಆ ಅಪ್ಪ, ಫ್ಯೋದರ್, ಎಲ್ಲೂ ಓಡಿಹೋದವನಲ್ಲ. ಸುಮ್ನೆ ಮಕ್ಕಳನ್ನು ಮರೆತುಬಿಟ್ಟ, ಅಷ್ಟೇ. ಮೊದಲ ಹೆಂಡತಿಯ ಮಗ ದ್ಮಿತ್ರಿಯನ್ನು, ಆಮೇಲೆ ಎರಡನೆಯವಳ ಮಕ್ಕಳಾದ ಇವಾನ್, ಅಲ್ಯೋಷರನ್ನು ತನ್ನ ಗುಡಿಸಲಿಗೆ ಕರೆದುಕೊಂಡು ಹೋಗಿ ನೋಡಿಕೊಂಡವನು ಮನೆಯ ಆಳು ಗ್ರಿಗೋರಿ. ಅಲ್ಲಿಂದ ಮುಂದೆ ಅವರಿವರ ಮನೆ. ದೊಡ್ಡವನಾದ ಮೇಲೆ ಅಲ್ಯೋಷ ಅಮ್ಮನ ಸಮಾಧಿ ಹುಡುಕಿಕೊಂಡು ಬರುತ್ತಾನೆ. ಹೆಂಡತಿಯನ್ನು ಎಲ್ಲಿ ಮಣ್ಣು ಮಾಡಿದ್ದು ಅನ್ನುವುದೇ ಅಪ್ಪನಿಗೆ ಮರೆತುಹೋಗಿದೆ! ಕರೆದೊಯ್ದು ತೋರಿಸುವವನು ಗ್ರಿಗೋರಿ. ಅದರ ಮೇಲೆ ಕಬ್ಬಿಣದ ಫಲಕ ಹಾಕಿಸಿದವನೂ ಅವನೇ, ತನ್ನ ಸ್ವಂತ ದುಡ್ಡಲ್ಲಿ. ಆ ಪುಟ ಓದಿ ತುಂಬಾ ಹೊತ್ತು ಮುಂದೆ ಹೋಗಲಾಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ಜಾಮ್ ವಿಷಯಕ್ಕೆ ಬರೋಣ ಅಂತ. ಇವಾನ್, ಅಲ್ಯೋಷ ಒಂದೇ ಊರಲ್ಲಿ ತಿಂಗಳುಗಟ್ಟಲೆ ಇದ್ದರೂ ಮನಸ್ಸು ಬಿಚ್ಚಿ ಮಾತಾಡಿರುವುದಿಲ್ಲ. ಒಂದು ದಿನ ಹೋಟೆಲಿನಲ್ಲಿ ಸಿಗುತ್ತಾರೆ. ತಮ್ಮನಿಗೆ ಮೀನಿನ ಸಾರು, ಟೀ ಹೇಳಿ ಇವಾನ್ ಕೇಳುತ್ತಾನೆ: ಚೆರ್ರಿ ಜಾಮ್ ತರಿಸಲಾ, ಚಿಕ್ಕವನಿದ್ದಾಗ ನಿನಗೆ ಇಷ್ಟ ಇತ್ತಲ್ವಾ? ತಮ್ಮನಿಗೆ 11 ವರ್ಷ ಆಗುವ ತನಕದ್ದು ಅವನಿಗೆ ನೆನಪಿದೆ. ಆಮೇಲಿನದು ಖಾಲಿ. ದೇವರ ಬಗೆಗಿನ ಆ ದೊಡ್ಡ ಮಾತುಕತೆ ಶುರುವಾಗುವುದು ಇದಾದ ಮೇಲೆ. ಜನ ಅದನ್ನೇ ಜಾಸ್ತಿ ಹೊಗಳುತ್ತಾರೆ. ನನ್ನ ಮನಸ್ಸು ಜಾಮ್ ಹತ್ತಿರವೇ ನಿಂತುಬಿಟ್ಟಿತು. ಅಪ್ಪ ಕೈಬಿಟ್ಟ ಕಡೆ ಅಣ್ಣನಿಗೆ ತಮ್ಮನೂ ತಪ್ಪಿಹೋಗುತ್ತಾನೆ. ಅವನನ್ನು ಮತ್ತೆ ಹತ್ತಿರ ಕರೆಯಲು ಇವಾನ್‌ಗೆ ಸಿಕ್ಕಿದ್ದು ಅದೊಂದು ನೆನಪು.

ಬರೆದವನೂ ಮಗನನ್ನು ಕಳೆದುಕೊಂಡ ಅಪ್ಪ. ದಾಸ್ತೋವಸ್ಕಿಯ ಕಿರಿಯ ಮಗ 1878ರಲ್ಲಿ ತೀರಿಕೊಂಡಾಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಮರುವರ್ಷ ಕಂತುಗಳಲ್ಲಿ ಬರತೊಡಗಿದ ಈ ಕಾದಂಬರಿಯ ಅಲ್ಯೋಷನಿಗೂ ಆ ಮಗುವಿಗೂ ಒಂದೇ ಹೆಸರು.

ನನಗೆ ಇನ್ನೂ ಸಮಾಧಾನವಾಗದಿರುವುದು ಸ್ಮೆರ್ದ್ಯಕೋವ್ ವಿಷಯದಲ್ಲಿ. ಆ ಮನೆಯ ಅಡುಗೆಯವನು. ಅವನೂ ಫ್ಯೋದರ್‌ನ ಮಗನೇ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನೂ ಅವನನ್ನು ತಮ್ಮವನು ಅಂತ ಹತ್ತಿರ ಕರೆಯುವುದಿಲ್ಲ. ಅಲ್ಯೋಷ ಕೂಡ! ಎಲ್ಲರ ಮೇಲೂ ಅಷ್ಟು ಪ್ರೀತಿ ಇದ್ದ ಅಲ್ಯೋಷ. ಚಿಕ್ಕಂದಿನಲ್ಲಿ ಸ್ಮೆರ್ದ್ಯಕೋವ್‌ಗೆ ತಿನ್ನಲು ಏನು ಇಷ್ಟ ಇತ್ತು ಅಂತ ಯಾರಿಗೆ ಗೊತ್ತು ಹೇಳು.

ಪುಸ್ತಕ ಕಳಿಸುತ್ತಿದ್ದೇನೆ. ನೀನು ಓದಿದ ಮೇಲೆ ಅಕ್ಕನಿಗೂ ಕೊಡು.

ನಿನ್ನ ಗೆಳೆಯ