ಫೆಲೋಶಿಪ್ ಇದೆ, ಮಣ್ಣು ಎಲ್ಲಿದೆ?

ಮಾನ್ಯ ಸಂಪಾದಕರೇ,

ಪರಿಸರ ಪುರಾತತ್ವದಲ್ಲಿ (ನೆಲದಲ್ಲಿ ಉಳಿದ ಗಿಡ, ಪ್ರಾಣಿಗಳ ಕುರುಹಿನಿಂದ ಹಿಂದಿನವರ ಬದುಕು, ಪರಿಸರ ತಿಳಿಯುವ ವಿದ್ಯೆ) ಫೆಲೋಶಿಪ್ ಸಹಿತ ಪಿಎಚ್.ಡಿಗೆ ಅರ್ಜಿ ಕರೆಯುವ ಪ್ರಕಟಣೆಗಳಲ್ಲಿ ಎರಡು ಸಂಗತಿಗಳು ತಪ್ಪದೆ ಇರುತ್ತವೆ: ತಿಂಗಳಿಗೆ ಎಷ್ಟು ಹಣ, ಎಷ್ಟು ವರ್ಷ. ಪ್ರಬಂಧ ಮುಗಿಯುತ್ತದೋ ಇಲ್ಲವೋ ಎಂಬುದು ಬಹುಪಾಲು ಬೇರೆ ಮೂರು ಸಂಗತಿಗಳ ಮೇಲೆ ನಿಂತಿದೆ. ಅಗೆದ ಜಾಗದ ಮಣ್ಣಿನ ಸ್ಯಾಂಪಲ್ ಈಗಾಗಲೇ ಕೈಯಲ್ಲಿದೆಯೇ, ಅದನ್ನು ಹೇಗೆ ತೆಗೆದಿದ್ದಾರೆ, ಕಾಲನಿರ್ಣಯದ ಖರ್ಚು ಯಾರದು? ಇವನ್ನು ಪ್ರಕಟಣೆಯಲ್ಲೇ ಅಚ್ಚು ಹಾಕಬೇಕು. ಹಾಕದಿದ್ದರೆ ಅರ್ಜಿದಾರರು ಸಂದರ್ಶನದಲ್ಲಿ ಸಂಕೋಚ ಬಿಟ್ಟು ಕೇಳಬೇಕು.

ಈ ವಿದ್ಯೆಯ ಕಚ್ಚಾ ಸಾಮಗ್ರಿ ಮಡಕೆಯೂ ಅಲ್ಲ, ನಾಣ್ಯವೂ ಅಲ್ಲ. ಕರಕಲು ಬೀಜ, ಇದ್ದಿಲು, ಪರಾಗ, ಮೀನಿನ ಮುಳ್ಳು, ಬಸವನಹುಳದ ಚಿಪ್ಪು. ಇವೆಲ್ಲ ಮಣ್ಣಿನಲ್ಲೇ ಇರುವುದರಿಂದ ಅಗೆಯುವ ದಿನವೇ ಮಣ್ಣನ್ನು ಎತ್ತಿಡಬೇಕು. ಗುಂಡಿ ಮುಚ್ಚಿದ ಮೇಲೆ ಕೇಳಿದರೆ ಸಿಗುವುದಿಲ್ಲ. ಸಾಮಾನ್ಯ ಕ್ರಮವೆಂದರೆ ಪ್ರತಿ ಪದರದಿಂದ 40ರಿಂದ 60 ಲೀಟರ್, ಪದರ ಅಷ್ಟಿಲ್ಲದಿದ್ದರೆ ಇದ್ದಷ್ಟೂ. ಎಷ್ಟು ಲೀಟರ್ ಎಂದು ಬರೆದಿಡದಿದ್ದರೆ ಲೀಟರಿಗೆ ಎಷ್ಟು ಬೀಜ ಎಂಬ ಲೆಕ್ಕವೇ ಹುಟ್ಟುವುದಿಲ್ಲ, ಒಂದು ಪದರವನ್ನು ಇನ್ನೊಂದರೊಡನೆ ಹೋಲಿಸಲೂ ಆಗುವುದಿಲ್ಲ. ಕಪ್ಪಗೆ ಕಂಡ ಕಡೆ ಮಾತ್ರ ಮಣ್ಣು ತೆಗೆದಿದ್ದರೆ ಒಲೆಯ ಸುತ್ತಲಿನ ಕಥೆಯಷ್ಟೇ ಸಿಗುತ್ತದೆ. ಯಾವ ಪದರದ ಮಣ್ಣೆಂದು ಬರೆದ ಕಾಗದದ ಚೀಟಿ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ. ಪ್ಲಾಸ್ಟಿಕ್ ಚೀಟಿ ಚೀಲದ ಒಳಗೊಂದು, ಹೊರಗೊಂದು ಇರಲೇಬೇಕು. ವಿಳಾಸವಿಲ್ಲದ ಮಣ್ಣು ಬರೀ ಮಣ್ಣು.

ಆಮೇಲಿನ ಹೆಜ್ಜೆ ಫ್ಲೋಟೇಷನ್, ಅಂದರೆ ಬೀಜ, ಇದ್ದಿಲನ್ನು ನೀರಿನಲ್ಲಿ ತೇಲಿಸಿ ಮಣ್ಣಿನಿಂದ ಬೇರ್ಪಡಿಸುವುದು. ನೀರು ತುಂಬಿದ ತೊಟ್ಟಿಯಲ್ಲಿ ಒಂದು ಮಿಲಿಮೀಟರ್ ಅಥವಾ ಅದಕ್ಕೂ ಸಣ್ಣ ಕಣ್ಣಿನ ಜಾಲರಿ ಹಾಸಿ, ಅದರ ಮೇಲೆ ಮಣ್ಣನ್ನು ನಿಧಾನವಾಗಿ ಬಿಡುತ್ತಾರೆ. ಕೆಳಗಿನಿಂದ ನೀರು ಉಕ್ಕುತ್ತಿದ್ದಂತೆ ಇದ್ದಿಲು, ಬೀಜ ಮೇಲೇರಿ, ತೊಟ್ಟಿಯ ಬಾಯಿಂದ ಹರಿದು 0.25 ಅಥವಾ 0.3 ಮಿಲಿಮೀಟರ್ ಜರಡಿಗೆ ಬೀಳುತ್ತವೆ. ಕೆಲಸ ಕೆಡುವುದು ಸಣ್ಣ ಸಣ್ಣ ಕಡೆ. ಜೇಡಿ ಹೆಂಟೆ ಬಿಡಿಸಿಕೊಳ್ಳದೆ ಬೀಜವನ್ನು ಒಳಗಿಟ್ಟುಕೊಂಡೇ ಮುಳುಗುತ್ತದೆ. ಅಂಥ ಮಣ್ಣನ್ನು ಮೊದಲೇ ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಬೇಕು. ತೊಟ್ಟಿ ತೊಳೆಯದೆ ಮುಂದಿನ ಚೀಲ ಸುರಿದರೆ ಹಿಂದಿನ ಪದರದ ಕಾಳು ಇದರೊಳಗೆ ಸೇರುತ್ತದೆ. ತೇಲಿಬಂದದ್ದನ್ನು ಬಿಸಿಲಿಗೆ ಹಾಕಿದರೆ ಇದ್ದಿಲು ಬಿರಿದು ಪುಡಿಯಾಗುತ್ತದೆ, ನೆರಳಲ್ಲೇ ಒಣಗಬೇಕು. ಕಾಯಿಚಿಪ್ಪಿನ ಭಾರದ ಚೂರು ತೇಲದೆ ಅಡಿಯಲ್ಲೇ ಉಳಿಯುವುದರಿಂದ ಜಾಲರಿಯ ಮೇಲಿನ ಗಸಿಯನ್ನೂ ಆರಿಸಬೇಕು. ತೊಟ್ಟಿಯನ್ನು ನಂಬಬಹುದೇ ಎಂದು ನೋಡಲು ಒಂದು ಹಳೆಯ ಪರೀಕ್ಷೆಯಿದೆ: ಕರಕಲು ಮಾಡಿದ 100 ಗಸಗಸೆ ಕಾಳನ್ನು ಎಣಿಸಿ ಮಣ್ಣಿಗೆ ಬೆರೆಸಿ, ಎಷ್ಟು ವಾಪಸ್ ಬಂತೆಂದು ನೋಡುವುದು. ಈ ಸಂಖ್ಯೆ ಹೇಳಬಲ್ಲ ತಂಡದ ಕೆಳಗೆ ಕೆಲಸ ಮಾಡುವುದು ಲೇಸು.

ಇನ್ನು ಸಮಯದ ಲೆಕ್ಕ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಾಳು ಆರಿಸುವಾಗ ತುಂಬಿದ ಸ್ಯಾಂಪಲ್‌ಗೆ ಎರಡು ದಿನ ಹಿಡಿದರೂ 100 ಸ್ಯಾಂಪಲ್‌ಗೆ 200 ಕೆಲಸದ ದಿನ. ಮೂರು ವರ್ಷದ ಫೆಲೋಶಿಪ್‌ನಲ್ಲಿ ಒಂದು ವರ್ಷದ ಹತ್ತಿರ ಆರಿಸುವುದರಲ್ಲೇ ಹೋಯಿತು. ಗುರುತಿಸುವುದು ಇನ್ನೂ ಬಾಕಿ. ಅದಕ್ಕೆ ಇಂದಿನ ಸಸ್ಯಗಳ ಬೀಜವನ್ನು ಸುಟ್ಟು, ಹೆಸರು ಬರೆದು ಜೋಡಿಸಿಟ್ಟ ಸಂಗ್ರಹ ಪ್ರಯೋಗಾಲಯದಲ್ಲಿರಬೇಕು. ಚಿತ್ರ ನೋಡಿ ಗುರುತಿಸುವುದು ಅರ್ಧ ಊಹೆ.

ಪರಾಗದ ಕೆಲಸವಾದರೆ ಪ್ರಶ್ನೆ ಬೇರೆ. 1916ರಲ್ಲಿ ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟ್ ಪರಾಗದ ಶೇಕಡಾವಾರು ನಕ್ಷೆಯನ್ನು (ಯಾವ ಪದರದಲ್ಲಿ ಯಾವ ಗಿಡದ ಪರಾಗ ಎಷ್ಟು ಪಾಲು ಎಂದು ತೋರಿಸುವುದು) ವಿದ್ವಾಂಸರ ಮುಂದಿಟ್ಟಂದಿನಿಂದ ಎಣಿಕೆಯೇ ಇದರ ಬುನಾದಿ. ಸಾಮಾನ್ಯವಾಗಿ ಪ್ರತಿ ಸ್ಯಾಂಪಲ್‌ನಲ್ಲಿ 300ರಿಂದ 500 ಕಣ ಎಣಿಸುತ್ತಾರೆ. ಮರಳಿನ ಸಿಲಿಕಾ ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬಳಸುವುದಾದರೆ ಅದಕ್ಕೆಂದೇ ಇರುವ, ವಿಷದ ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್, ಆಮ್ಲ ಚರ್ಮಕ್ಕೆ ತಾಗಿದರೆ ಹಚ್ಚಲು ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಮತ್ತು ತರಬೇತಿ ಕೊಡುವವರು ಇರಲೇಬೇಕು. ಇಲ್ಲದ ಕಡೆ ಆ ಕೆಲಸ ಒಪ್ಪಿಕೊಳ್ಳಬಾರದು, ಮುಲಾಜೇ ಬೇಡ.

ಹಣ ಸೋರುವುದು ಬೀಜ, ಇದ್ದಿಲಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ಹೇಳುವ ರೇಡಿಯೋಕಾರ್ಬನ್‌ನಲ್ಲಿ. ಇದ್ದಿಲಿನ ತುಂಡು ಹಳೆಯ ಮರದ ಒಳತಿರುಳಿನದಾದರೆ ಒಲೆ ಉರಿದ ಕಾಲಕ್ಕಿಂತ ನೂರಾರು ವರ್ಷ ಹಿಂದಿನ ಕಾಲವನ್ನು ತೋರಿಸಬಹುದು. ಆದ್ದರಿಂದ ಒಂದೇ ವರ್ಷದಲ್ಲಿ ಬೆಳೆದು ಕಟಾವಾದ ಕಾಳನ್ನೇ, ಒಂದೊಂದನ್ನೇ ಬಿಡಿಯಾಗಿ ಕಳಿಸಬೇಕು. ಅದಕ್ಕೂ ಒಂದು ಕಾಟವಿದೆ: ಕ್ರಿ.ಪೂ. 800ರಿಂದ 400ರ ನಡುವೆ ಕ್ಯಾಲಿಬ್ರೇಷನ್ ರೇಖೆ (ಅಳತೆಯನ್ನು ನಿಜವಾದ ವರ್ಷಕ್ಕೆ ಹೊಂದಿಸುವ ರೇಖೆ) ಚಪ್ಪಟೆಯಾಗಿದ್ದು, ಒಂದು ಫಲಿತಾಂಶ ಮುನ್ನೂರು ನಾನೂರು ವರ್ಷಕ್ಕೆ ಹರಡಿಕೊಳ್ಳುತ್ತದೆ. ಪದರಗಳ ಕ್ರಮ ಹಿಡಿದು ಹಲವು ಕಾಳುಗಳ ಕಾಲ ಅಳೆದು, ಒಟ್ಟಿಗೆ ಲೆಕ್ಕ ಹಾಕಿದರೆ ಆ ಹರವು ಕುಗ್ಗುತ್ತದೆ. ಎರಡು ಮೂರು ಅಳತೆಗೆ ಮಾತ್ರ ಹಣ ಇಟ್ಟ ಯೋಜನೆ ಆ ಕಾಲದ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾರದು, ವಿದ್ಯಾರ್ಥಿ ಎಷ್ಟೇ ಜಾಣನಿರಲಿ.

ನೀರು ನಿಂತ ನೆಲದ ಸ್ಯಾಂಪಲ್ ಕಾಯುವುದಿಲ್ಲ ಎಂಬುದನ್ನೂ ಸೇರಿಸಬೇಕು. ಇಂಗ್ಲೆಂಡಿನ ಶಿಲಾಯುಗದ ನೆಲೆ ಸ್ಟಾರ್ ಕಾರ್‌ನಲ್ಲಿ 1949ರಿಂದ 1951ರವರೆಗೆ ಪುರಾತತ್ವಜ್ಞ ಗ್ರಹಾಂ ಕ್ಲಾರ್ಕ್ ಅಗೆದಾಗ ಮೂಳೆ, ಕೊಂಬು, ಮರ ಚೆನ್ನಾಗಿಯೇ ಉಳಿದಿದ್ದವು. ಮತ್ತೆ 2000ದ ದಶಕದಲ್ಲಿ ಅಗೆದಾಗ, ನೀರು ಬಸಿದು ಆಮ್ಲೀಯವಾದ ಆ ನೆಲದಲ್ಲಿ ಕೆಲವು ಮೂಳೆ ಜೆಲ್ಲಿಯಂತೆ ಮೆತ್ತಗಾಗಿದ್ದವು. ಇಂಥ ಮಣ್ಣನ್ನು ಒಣಗಲು ಬಿಡದೆ ತಂಪಾಗಿ, ಕತ್ತಲಲ್ಲಿ ಇಡಬೇಕು. ಹಾಗೆ ಇಡಲು ಶೀತಲ ಕೋಣೆ ಇದೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಪ್ರಕಟಣೆ ಹೊರಡಿಸುವವರಲ್ಲಿ ನಮ್ಮ ಕೋರಿಕೆ ಸಣ್ಣದು. ಫೆಲೋಶಿಪ್ ಮೊತ್ತದ ಕೆಳಗೆ ಇನ್ನೊಂದು ಸಾಲು ಸೇರಿಸಿ: ಇಷ್ಟು ಸ್ಯಾಂಪಲ್, ಒಟ್ಟು ಇಷ್ಟು ಲೀಟರ್, ಅದರಲ್ಲಿ ಇಷ್ಟು ಫ್ಲೋಟೇಷನ್ ಆಗಿದೆ, ಇಷ್ಟು ಕಾಲನಿರ್ಣಯಕ್ಕೆ ಹಣ ಮಂಜೂರಾಗಿದೆ.

ಇಂತಿ,
ಪರಿಸರ ಪುರಾತತ್ವದ ಕೆಲವು ಸಂಶೋಧಕರು