ಮೊದಲ ದಿನದ ಮಾತು ಎಲ್ಲಿ ಹೋಯಿತು?

ಮಾನ್ಯರೇ,

ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ಯಾಯದ ವಜಾ ವಿರುದ್ಧ ರಕ್ಷಣೆ ಕೊಡುತ್ತೇವೆ ಎಂದು 2024ರ ಚುನಾವಣೆಯಲ್ಲಿ ಹೇಳಿದ್ದ ಬ್ರಿಟನ್ನಿನ ಲೇಬರ್ ಪಕ್ಷ, ಕೊನೆಗೆ ಆರು ತಿಂಗಳು ಕಾಯಿರಿ ಎಂದದ್ದು ಸರಿಯಲ್ಲ. ಎರಡು ವರ್ಷ ಕಾಯಬೇಕೆಂಬ ಹಿಂದಿನ ನಿಯಮಕ್ಕಿಂತ ಇದು ಎಷ್ಟೋ ವಾಸಿ, ನಿಜ. ಆದರೆ ಕೊಟ್ಟ ಮಾತು ಮಾತೇ ಅಲ್ವಾ?

ಇಂಥ ರಕ್ಷಣೆ ಕೊಟ್ಟರೆ ಕೆಲಸಗಳು ಹೋಗುತ್ತವೆ ಎಂಬ ಗುಮ್ಮ ಹಳೆಯದು. 1999ರಲ್ಲಿ ಗಂಟೆಗೆ 3.60 ಪೌಂಡ್ ಕನಿಷ್ಠ ಕೂಲಿ ಜಾರಿಯಾಗುವ ಮುಂಚೆ ಕನ್ಸರ್ವೇಟಿವ್ ಪಕ್ಷ ಇದನ್ನೇ ಹೇಳಿತ್ತು. ಹಾಗೇನೂ ಆಗಲಿಲ್ಲ. 2016ರಲ್ಲಿ ಅದೇ ಪಕ್ಷದ ಸರ್ಕಾರ 25 ವರ್ಷ ತುಂಬಿದವರಿಗೆ ಅದನ್ನು 7.20 ಪೌಂಡಿಗೆ ಏರಿಸಿತು!

ಸಣ್ಣ ಕೆಫೆ ನಡೆಸುವವರ ಗೋಳು ಸುಳ್ಳಲ್ಲ. 2025ರ ಏಪ್ರಿಲ್‌ನಿಂದ ನೌಕರರ ಸಂಬಳದ ಮೇಲೆ ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಶೇ 13.8ರಿಂದ 15ಕ್ಕೆ ಏರಿದೆ. ಅಂಥವರಿಗೆ ಅದರಲ್ಲಿ ರಿಯಾಯಿತಿ ಜಾಸ್ತಿ ಮಾಡಲಿ, ಮೊದಲ ದಿನದ ರಕ್ಷಣೆಯನ್ನು ವಾಪಸ್ ತರಲಿ.

– ಓದುಗ, ಮೈಸೂರು