ಹೆಸರು ಹೇಳಿ ಜಗಳ ಆಡ್ಲಿ ಬಿಡಿ, ಆದ್ರೆ ಸ್ಟಾರ್ ಹಾಕಿದ ಸಣ್ಣಕ್ಷರ ಓದಿ

ಮಾನ್ಯ ಸಂಪಾದಕರೇ,

ಎದುರಾಳಿ ಕಂಪನಿ ಹೆಸರು ಎತ್ತಿ ಜಾಹೀರಾತು ಮಾಡೋದು ಸಭ್ಯತೆ ಅಲ್ಲ, ಅದನ್ನ ನಿಲ್ಲಿಸ್ಬೇಕು ಅಂತ ನಿಮ್ಮ ಪತ್ರಿಕೇಲಿ ಬಂದ ಬರಹ ಓದ್ದೆ. ಅದಕ್ಕೆ ಉದಾಹರಣೆ ಅಂತ ಅಮೆರಿಕದ ಪಿಕಪ್ ಟ್ರಕ್ ಕಂಪನಿಗಳನ್ನ ಹಿಡ್ಕೊಂಡಿದ್ರಿ. ನಾನು ಟೆಕ್ಸಸ್‌ನಲ್ಲೇ ಇರೋನು, ಇಲ್ಲಿ ಪಿಕಪ್ ಅಂದ್ರೆ ಬರೀ ಗಾಡಿ ಅಲ್ಲ, ಶೆವರ್ಲೆಯವರು ತಮ್ಮ ಸಿಲ್ವರಾಡೋ ಪಿಕಪ್‌ಗೆ ಟೆಕ್ಸಸ್ ಎಡಿಷನ್ ಅಂತ ಬೇರೆ ಬ್ಯಾಡ್ಜ್ ಅಂಟಿಸಿ ಮಾರ್ತಾರೆ ಅಂದ್ರೆ ಲೆಕ್ಕ ಹಾಕಿ. ಜಗಳದ ವಿಷಯದಲ್ಲಿ ನೀವು ಹೇಳಿದ್ದು ನಿಜ, ಆದ್ರೆ ತಪ್ಪು ಎಲ್ಲಿದೆ ಅನ್ನೋದ್ರಲ್ಲಿ ನನಗೆ ತಕರಾರಿದೆ. ಹೆಸರು ಹೇಳೋದ್ರಲ್ಲಿ ತಪ್ಪೇನೂ ಇಲ್ಲ. ಯಾವ ಪರೀಕ್ಷೆ ಇಟ್ರು, ಯಾವ ಗಾಡಿ ತಂದು ನಿಲ್ಸಿದ್ರು, ಲೆಕ್ಕದಿಂದ ಏನೇನು ಕಳೆದ್ರು ಅನ್ನೋದ್ರಲ್ಲೇ ಇರೋದು ಕೈಚಳಕ ಎಲ್ಲ.

ಮೊದಲು ಜಗಳ ಎಷ್ಟು ಹಳೇದು ಅಂತ ಹೇಳ್ಬಿಡ್ತೀನಿ. ಫೋರ್ಡ್‌ನವರು 1925ರಲ್ಲೇ ಮಾಡೆಲ್ ಟಿ ಕಾರಿನ ಹಿಂದಕ್ಕೆ ಬೆಡ್ ಅಂದ್ರೆ ಸಾಮಾನು ಹೇರೋ ತೊಟ್ಟಿ ಕೂರಿಸಿ ಫ್ಯಾಕ್ಟರಿಯಿಂದಲೇ ಪಿಕಪ್ ಬಿಟ್ರು, ಅವರ ಎಫ್ ಸೀರೀಸ್ ಪಿಕಪ್‌ಗಳು ಬಂದಿದ್ದು 1948ಕ್ಕೆ. ಆಮೇಲೆ 1964ರಲ್ಲಿ ಕೋಳಿ ಮಾಂಸದ ವ್ಯಾಪಾರದಲ್ಲಿ ಯುರೋಪ್ ಜೊತೆ ಕಿತ್ತಾಟ ಆಗಿ ಅದರ ಸೇಡಿಗೆ ಹೊರಗಡೆಯಿಂದ ಬರೋ ಟ್ರಕ್ ಮೇಲೆ 25% ಸುಂಕ ಹಾಕಿದ್ರಲ್ಲ, ಅದನ್ನ ಇವತ್ತಿಗೂ ಚಿಕನ್ ಟ್ಯಾಕ್ಸ್ ಅಂತಾರೆ, ಅದ್ರಿಂದ ಹೊರಗಿನವರಿಗೆ ಬಾಗಿಲು ಮುಚ್ಚಿದ ಹಾಗಾಯ್ತು, ಅಖಾಡದಲ್ಲಿ ಉಳಿದಿದ್ದು ಫೋರ್ಡ್, ಜಿಎಮ್ (ಜನರಲ್ ಮೋಟಾರ್ಸ್, ಶೆವರ್ಲೆ ಇವರದ್ದೇ), ಡಾಡ್ಜ್ ಅಂದ್ರೆ ಈಗಿನ ರ್ಯಾಮ್. ಟೊಯೊಟಾದವರು ಟಂಡ್ರಾ ಅನ್ನೋ ತಮ್ಮ ಪಿಕಪ್‌ನ ಇಲ್ಲೇ ಸ್ಯಾನ್ ಆಂಟೋನಿಯೋದಲ್ಲಿ ಫ್ಯಾಕ್ಟರಿ ಹಾಕಿ ಮಾಡ್ತಾರೆ, ಆದ್ರೂ ಆ ಮೂವರ ಹತ್ತಿರಕ್ಕೆ ಬಂದಿಲ್ಲ. ಮೂರೇ ಜನ ಇರೋ ಜಾಗದಲ್ಲಿ "ಬೇರೆ ಟ್ರಕ್‌ಗಳಿಗಿಂತ ನಮ್ಮದು ಮೇಲು" ಅಂದ್ರೆ ಯಾರನ್ನ ಅಂತಿದ್ದಾರೆ ಅಂತ ಗೊತ್ತಾಗದೆ ಇರತ್ತಾ? ಹೆಸರು ಹೇಳದಿದ್ರೂ ಹೇಳಿದ ಹಾಗೇನೇ. ಜನ ಅಂತೂ ಯಾವತ್ತೋ ಹೇಳೋಕೆ ಶುರು ಮಾಡಿದ್ರು, ಎದುರಾಳಿ ಕಂಪನಿ ಲೋಗೋ ಮೇಲೆ ಒಬ್ಬ ಕಾರ್ಟೂನ್ ಹುಡುಗ ಉಚ್ಚೆ ಹೊಯ್ಯೋ ಸ್ಟಿಕರ್ ಹಿಂದಿನ ಗ್ಲಾಸಿಗೆ ಅಂಟಿಸ್ಕೊಂಡು ಓಡಾಡೋರು ಈಗ್ಲೂ ಹೈವೇಲಿ ಸಿಗ್ತಾರೆ, ಅದರ ಮುಂದೆ ಕಂಪನಿ ಜಾಹೀರಾತು ಎಷ್ಟೋ ಮರ್ಯಾದಸ್ಥ.

2012ರ ಸೂಪರ್ ಬೌಲ್ ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ಮ್ಯಾಚಿನ ಮಧ್ಯೆ ಶೆವರ್ಲೆ ಒಂದು ಜಾಹೀರಾತು ಹಾಕಿತ್ತು. ಪ್ರಪಂಚ ಎಲ್ಲಾ ನಾಶ ಆಗಿ ಬೂದಿ ಬಿದ್ದಿದೆ, ಸಿಲ್ವರಾಡೋ ಇಟ್ಕೊಂಡಿದ್ದ ಸ್ನೇಹಿತರು ಮಾತ್ರ ಬದುಕಿ ಒಂದು ಕಡೆ ಸೇರ್ತಾರೆ, ಡೇವ್ ಎಲ್ಲಿ ಅಂದ್ರೆ ಅವನು ಫೋರ್ಡ್ ಓಡಿಸ್ತಿದ್ದ, ಬರ್ಲಿಲ್ಲ. ಅಷ್ಟೇ. ಫೋರ್ಡ್‌ನವರು ಸಿಟ್ಟಾಗಿ ಇದನ್ನ ಹಾಕ್ಬೇಡಿ ಅಂತ ಲಾಯರ್ ನೋಟಿಸ್ ಕಳಿಸಿದ್ರು, ಜಿಎಮ್ ಕೇಳ್ಲಿಲ್ಲ, ಜಾಹೀರಾತು ಬಂದೇ ಬಂತು. ಇದ್ರಲ್ಲಿ ಯಾರಿಗೆ ಮೋಸ ಆಯ್ತು ಹೇಳಿ? ಪ್ರಳಯದಲ್ಲಿ ಬದುಕೋಕೆ ಅಂತ ಯಾರೂ ಶೋರೂಮ್‌ಗೆ ಹೋಗಲ್ಲ. ತಮಾಷೆ ತಮಾಷೆ ಅಂತಲೇ ಗೊತ್ತಾಗತ್ತೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1979ರಲ್ಲೇ ಇದರ ಬಗ್ಗೆ ನೀತಿ ಹೇಳಿದೆ, ಹೋಲಿಕೆ ನಿಜ ಇದ್ದು ಸ್ಪಷ್ಟವಾಗಿದ್ರೆ ಎದುರಾಳಿ ಹೆಸರು ಹೇಳೋದಕ್ಕೆ ಪ್ರೋತ್ಸಾಹ ಕೊಡ್ಬೇಕು, ಅದ್ರಿಂದ ಗ್ರಾಹಕನಿಗೆ ಮಾಹಿತಿ ಸಿಗತ್ತೆ ಅಂತ. ಸುಳ್ಳು ಹೇಳಿದ್ರೆ ಎದುರಾಳಿನೇ ಕೋರ್ಟಿಗೆ ಎಳೀಬಹುದು, ಲ್ಯಾನ್‌ಹ್ಯಾಮ್ ಆಕ್ಟ್ ಅಂತ ಕಾನೂನು ಇದೆ. ಹಾಗಾಗಿ ಶುದ್ಧ ಸುಳ್ಳು ಹೇಳೋ ದಡ್ಡತನ ಯಾವ ದೊಡ್ಡ ಕಂಪನಿನೂ ಸುಲಭಕ್ಕೆ ಮಾಡಲ್ಲ.

ಸುಳ್ಳು ಹೇಳದೇನೇ ಹೇಗೆ ಗೆಲ್ತಾರೆ ಅನ್ನೋದು ಮಜಾ ಇರೋದು. 2015ರ ಮಾಡೆಲ್‌ಗೆ ಫೋರ್ಡ್‌ನವರು ಎಫ್ ಸೀರೀಸಿನ ಎಫ್-150 ಬಾಡಿ ಪೂರ್ತಿ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬದಲಾಯಿಸಿದ್ರು, 700 ಪೌಂಡ್ ತನಕ ಅಂದ್ರೆ ಮುನ್ನೂರು ಕೆಜಿ ಮೇಲೆ ತೂಕ ಇಳೀತು, ಮಿಲಿಟರಿ ಗ್ರೇಡ್ ಅಂತ ಬೇರೆ ಕೊಚ್ಕೊಂಡ್ರು (ಹಾಗಂದ್ರೆ ಏನು ಅಂತ ಮಿಲಿಟರಿಯವರನ್ನೇ ಕೇಳ್ಬೇಕು). ಶೆವಿ ಅಂದ್ರೆ ಶೆವರ್ಲೆಯವರು ಸುಮ್ನಿರ್ತಾರಾ? ಒಂದು ರೂಮಲ್ಲಿ ಅಲ್ಯೂಮಿನಿಯಂ ಪಂಜರ ಒಂದು ಸ್ಟೀಲ್ ಪಂಜರ ಒಂದು ಇಟ್ಟು ಜನರನ್ನ ನಿಲ್ಸಿ ಕರಡಿ ಬಿಟ್ರು, ಎಲ್ರೂ ಸ್ಟೀಲ್ ಪಂಜರಕ್ಕೆ ಓಡಿದ್ರು. ಅಲ್ಲಾ ಸ್ವಾಮಿ, ಪಿಕಪ್ ತಗೊಳೋದು ಕರಡಿಯಿಂದ ತಪ್ಪಿಸ್ಕೊಳೋಕಾ? 2016ರಲ್ಲಿ ಇನ್ನೊಂದು ಮಾಡಿದ್ರು, ಅದು ಸ್ವಲ್ಪ ಗಂಭೀರವಾದ್ದು. ಎರಡೂ ಟ್ರಕ್ಕಿನ ಬೆಡ್ ಖಾಲಿ, ಒಳಗೆ ಯಾವ ಲೈನರ್ರೂ (ಬೆಡ್ ಕಾಪಾಡೋ ಹೊದಿಕೆ) ಇಲ್ಲ, ಲೋಡರ್ ಬಂದು 825 ಪೌಂಡ್ ಕಲ್ಲನ್ನ ಒಂದೇ ಸಲ ದಬದಬ ಅಂತ ಸುರೀತು. ಶೆವಿ ಬೆಡ್ ನೆಗ್ಗಿತ್ತು, ಗೀಚಿತ್ತು. ಫೋರ್ಡ್ ಬೆಡ್ ತೂತು ಬಿದ್ದು ಕೆಳಗಿನ ನೆಲ ಕಾಣ್ತಿತ್ತು. ಆಮೇಲೆ ಬರೀ ಖಾಲಿ ಟೂಲ್ ಬಾಕ್ಸ್ ಬೆಡ್ಡಿನ ಅಂಚಿಂದ ಒಳಗೆ ತಳ್ಳಿದ್ರು, ಅದಕ್ಕೂ ಫೋರ್ಡ್‌ದು ತೂತು.

ಇದು ಸುಳ್ಳಲ್ಲ. ಕ್ಯಾಮೆರಾ ಮುಂದೇನೇ ಆಗಿದ್ದು. ನನಗೆ ಕೇಳಿದ್ರೆ ಇದು ಒಳ್ಳೇ ಜಾಹೀರಾತೇ, ಅಲ್ಯೂಮಿನಿಯಂ ಬೆಡ್ಡಿಗೆ ಚೂಪಾದ ಮೂಲೆ ತಾಗಿದ್ರೆ ಹೀಗಾಗಬಹುದು ಅಂತ ಫೋರ್ಡ್ ಬ್ರೋಷರ್ ಯಾವತ್ತೂ ಹೇಳ್ತಿರ್ಲಿಲ್ಲ, ಎದುರಾಳಿ ಹೇಳ್ದ. ಆದ್ರೆ ಕಲ್ಲು ಮಣ್ಣು ಹೇರೋರು ಬೆಡ್ ಲೈನರ್ ಹಾಕ್ಸೇ ಹಾಕ್ಸ್ತಾರೆ, ಲೈನರ್ ಇದ್ರೆ ಫಲಿತಾಂಶ ಏನಾಗ್ತಿತ್ತು ಅಂತ ಅವರು ತೋರಿಸ್ಲಿಲ್ಲ. ಅಲ್ಯೂಮಿನಿಯಂಗೆ ಸ್ಟೀಲ್ ಥರ ಕೆಂಪು ತುಕ್ಕು ಹಿಡಿಯಲ್ಲ, ಚಳಿಗಾಲದಲ್ಲಿ ರೋಡಿಗೆ ಉಪ್ಪು ಸುರಿಯೋ ಮಿಚಿಗನ್ ಒಹಾಯೋ ಕಡೆ ಅದು ಸಣ್ಣ ವಿಷಯ ಅಲ್ಲ, ಆ ಪರೀಕ್ಷೆನೂ ಇಡ್ಲಿಲ್ಲ. ತಮಾಷೆ ಇರೋದು ಮುಂದೆ, 2019ರ ಹೊಸ ಸಿಲ್ವರಾಡೋ ಬಂತು ನೋಡಿ, ಅದರ ಬಾಗಿಲು, ಬಾನೆಟ್, ಹಿಂದಿನ ಟೇಲ್‌ಗೇಟ್ ಎಲ್ಲಾ ಅಲ್ಯೂಮಿನಿಯಂ! ಬೆಡ್ ಮಾತ್ರ ಸ್ಟೀಲೇ ಇಟ್ರು, ಹಾಗಾಗಿ ಮಾತು ತಪ್ಪಿದ್ರು ಅಂತ ಅನ್ನೋ ಹಾಗೂ ಇಲ್ಲ. ಹಾವೂ ಸಾಯ್ಲಿಲ್ಲ ಕೋಲೂ ಮುರೀಲಿಲ್ಲ.

ಹಗ್ಗ ಜಗ್ಗಾಟದ ವಿಡಿಯೋ ನೀವೂ ನೋಡಿರ್ತೀರ, 2019ರ ನವೆಂಬರ್‌ನಲ್ಲಿ ಟೆಸ್ಲಾದವರು ಸೈಬರ್‌ಟ್ರಕ್ ತೋರಿಸಿದಾಗ ಅದಕ್ಕೂ ಎಫ್-150ಗೂ ಗಂಟು ಹಾಕಿ ಎಳೆಸಿದ್ರು, ಫೋರ್ಡ್ ಪಾಪ ಹಿಂದಕ್ಕೆ ಜಾರ್ಕೊಂಡು ಹೋಯ್ತು. ಇದ್ರಲ್ಲಿ ಎಂಜಿನ್ ಶಕ್ತಿಗಿಂತ ಟೈರಿನ ಹಿಡಿತ ದೊಡ್ಡದು, ಯಾವುದು ತೂಕ ಜಾಸ್ತಿ, ಎಷ್ಟು ಚಕ್ರಕ್ಕೆ ಪವರ್ ಹೋಗ್ತಿದೆ, ಮೊದಲು ಎಳೆಯೋಕೆ ಶುರು ಮಾಡಿದ್ದು ಯಾರು, ಇಷ್ಟರ ಮೇಲೆ ನಿಂತಿರತ್ತೆ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಹಿಂದಿನ ಚಕ್ರ ಸುಮ್ನೆ ತಿರುಗತ್ತೆ. ಫೋರ್ಡ್‌ನವರೂ ಏನು ಕಮ್ಮಿ ಇಲ್ಲ, ಅದೇ ವರ್ಷ ಎಲೆಕ್ಟ್ರಿಕ್ ಎಫ್-150 ಮಾದರಿ ಹತ್ತು ಲಕ್ಷ ಪೌಂಡಿಗೂ ಮೇಲಿನ ರೈಲು ಬೋಗಿಗಳನ್ನ ಎಳೀತು ಅಂತ ವಿಡಿಯೋ ಬಿಟ್ರು. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿ ಉರುಳೋಕೆ ತಡೆ ಎಷ್ಟು ಕಮ್ಮಿ ಅಂತ ರೈಲ್ವೇಲಿ ಕೆಲಸ ಮಾಡಿದ ಯಾರನ್ನ ಕೇಳಿದ್ರೂ ಹೇಳ್ತಾರೆ. ಆಮೇಲೆ ಮಾರ್ಕೆಟ್ಟಿಗೆ ಬಂದ ಎಫ್-150 ಲೈಟ್ನಿಂಗ್ ಎಳೆಯೋದು ಗರಿಷ್ಠ 10,000 ಪೌಂಡ್.

ಇವೆಲ್ಲಾ ಕಣ್ಣಿಗೆ ಕಾಣೋ ಸರ್ಕಸ್, ಬಿಡಿ. ನಿಜವಾಗ್ಲೂ ಜೇಬಿಗೆ ತಾಗೋದು "ಬೆಸ್ಟ್ ಇನ್ ಕ್ಲಾಸ್" ಅನ್ನೋ ಎರಡು ಸೆಕೆಂಡಿನ ಮಾತು. 2014ರಲ್ಲಿ ಇದರ ಬಣ್ಣ ಬಯಲಾಯ್ತು. ಫೋರ್ಡ್‌ನವರು ಎಫ್-450 ಗೆ 31,200 ಪೌಂಡ್ ಎಳೆಯೋ ಶಕ್ತಿ ಇದೆ, ಕ್ಲಾಸಲ್ಲೇ ಫಸ್ಟು ಅಂದ್ರು, 30,000 ಪೌಂಡ್ ಇಟ್ಕೊಂಡು ನಾವೇ ಫಸ್ಟು ಅಂತಿದ್ದ ರ್ಯಾಮ್ 3500ನವರು ಎದ್ದು ಕೂತ್ರು, ಆ ಗಾಡಿ ನಮ್ಮ ಕ್ಲಾಸೇ ಅಲ್ಲ ಕಣ್ರೀ ಮೇಲಿನ ಕ್ಲಾಸು ಅಂತ. ಈ ಕ್ಲಾಸು ಅನ್ನೋದು ತೂಕದ ಮೇಲೆ ಮಾಡಿದ ವಿಂಗಡಣೆ, ಕ್ಲಾಸ್ 3 ಅಂದ್ರೆ ಗಾಡಿ ಪ್ಲಸ್ ಹೊರೆ ಸೇರಿ 14,000 ಪೌಂಡ್ ದಾಟಬಾರದು. ಕೆದಕಿ ನೋಡಿದ್ರೆ ಫೋರ್ಡ್‌ನವರು ಆ ಮಿತಿಯೊಳಗೆ ಕೂರಿಸೋಕೆ ಸ್ಪೇರ್ ಟೈರ್, ಜಾಕ್, ರೇಡಿಯೋ, ಮುಂದಿನ ಸೀಟಿನ ಮಧ್ಯೆ ಇರೋ ಕನ್ಸೋಲ್ ಇವುಗಳ ತೂಕ ಕಳೆದು ಲೆಕ್ಕ ಹಾಕಿದ್ರು! ಸ್ಟೆಪ್ನಿ ಇಲ್ದೆ ಜಾಕ್ ಇಲ್ದೆ ಅಷ್ಟು ದೊಡ್ಡ ಟ್ರೇಲರ್ ಕಟ್ಕೊಂಡು ಯಾವ ಪುಣ್ಯಾತ್ಮ ಊರು ಬಿಡ್ತಾನೆ. ಜಿಎಮ್‌ನವರು ನಗ್ತಾ ಕೂರೋ ಹಾಗಿರ್ಲಿಲ್ಲ, ನಾವೂ ಹಿಂದಿನ ಬಂಪರ್, ಸ್ಪೇರ್ ಟೈರ್ ಕಳೆದೇ ಪೇಲೋಡ್ ಅಂದ್ರೆ ಗಾಡಿ ಹೊರೋ ತೂಕ ಹೇಳ್ತಿದ್ವಿ, ಇನ್ಮುಂದೆ ಬಿಡ್ತೀವಿ ಅಂತ ಅವರೂ ಒಪ್ಕೊಂಡ್ರು.

ಜಾಸ್ತಿ ಮಾರಾಟ ಆಗೋ ಟ್ರಕ್ ಯಾವುದು ಅನ್ನೋದೂ ಇದೇ ಥರ. 1977ರಿಂದ ಎಫ್ ಸೀರೀಸೇ ನಂಬರ್ ಒನ್ ಅಂತ ಫೋರ್ಡ್ ಹೇಳತ್ತೆ, ನಿಜಾನೇ, ಆದ್ರೆ ಅದ್ರಲ್ಲಿ ಮನೆ ಮುಂದಿನ ಎಫ್-150 ಇಂದ ಹಿಡಿದು ದೊಡ್ಡ ಲಾರಿ ಸೈಜಿನ ಎಫ್-750 ತನಕ ಒಂದೇ ಲೆಕ್ಕಕ್ಕೆ ಬರತ್ತೆ. ಜಿಎಮ್ ಅದೇ ಟ್ರಕ್ಕನ್ನ ಶೆವರ್ಲೆ ಸಿಲ್ವರಾಡೋ, ಜಿಎಮ್‌ಸಿ ಸಿಯೆರಾ ಅಂತ ಎರಡು ಹೆಸರಲ್ಲಿ ಮಾರತ್ತೆ. 2023ರಲ್ಲಿ ಫೋರ್ಡ್ ಸುಮಾರು 7.5 ಲಕ್ಷ, ಜಿಎಮ್‌ನ ಎರಡೂ ಸೇರಿದ್ರೆ ಸುಮಾರು 8.5 ಲಕ್ಷ. ಇಬ್ರೂ ನಾನೇ ಮೊದಲು ಅಂತಾರೆ, ಇಬ್ರೂ ಸುಳ್ಳು ಹೇಳ್ತಿಲ್ಲ.

ಇದಕ್ಕೆ ಮದ್ದು ಇಲ್ವಾ ಅಂದ್ರೆ ಇತ್ತು, ಅದನ್ನ ಕುಡಿಯೋಕೆ ಇವರಿಗೆ ಎಷ್ಟು ವರ್ಷ ಬೇಕಾಯ್ತು ಅನ್ನೋದೇ ಕಥೆ. ಎಸ್‌ಎಇ ಅಂತ ಇಂಜಿನಿಯರುಗಳ ಸಂಸ್ಥೆ 2008ರಲ್ಲಿ ಎಳೆಯೋ ಶಕ್ತಿ ಅಳೆಯೋಕೆ ಜೆ2807 ಅಂತ ಒಂದು ಪರೀಕ್ಷಾ ವಿಧಾನ ಬರೀತು, ಎಲ್ಲಾ ಕಂಪನಿಯವರೂ ಕೂತು ಮಾಡಿದ್ದೇ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಹತ್ತಿರದಿಂದ ಮೇಲಕ್ಕೆ ಹೋಗೋ 11.4 ಮೈಲಿ ಏರು ರಸ್ತೆ ಇದೆ, 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ, ಎಸಿ ಫುಲ್ ಹಾಕಿ, ಟ್ರೇಲರ್ ಎಳ್ಕೊಂಡು, 40 ಮೈಲಿ ವೇಗಕ್ಕಿಂತ ಕೆಳಗೆ ಬೀಳದೆ ಹತ್ತಬೇಕು, ಏನೂ ಕೆಡಬಾರದು. ಜೊತೆಗೆ ಬ್ರೇಕು, ನಿಂತಲ್ಲಿಂದ ಹೊರಡೋದು, ಅಲ್ಲಾಡದೆ ಹೋಗೋದು ಎಲ್ಲಾ ಪರೀಕ್ಷೆ. ಟೊಯೊಟಾ ಒಂದೇ 2011ರ ಮಾಡೆಲ್‌ನಿಂದ ಅದನ್ನ ಪಾಲಿಸ್ತು, ಪಾಲಿಸಿ ತನ್ನ ಟಂಡ್ರಾ ಅಂಕಿ ತಾನೇ ಇಳಿಸ್ಕೊಳ್ತು. ಉಳಿದ ಮೂವರು ಮೊದಲು ನೀನು ಮೊದಲು ನೀನು ಅಂತ ಕೂತ್ರು, ಯಾಕಂದ್ರೆ ಮೊದಲು ನಿಜ ಹೇಳಿದವನು ಜಾಹೀರಾತಲ್ಲಿ ಸೋತ ಹಾಗೆ ಕಾಣ್ತಾನೆ. ಕೊನೆಗೆ 2015ರ ಮಾಡೆಲ್ ಹೊತ್ತಿಗೆ ಎಲ್ರೂ ದಾರಿಗೆ ಬಂದ್ರು. ಆ ಮಧ್ಯದ ವರ್ಷಗಳಲ್ಲಿ ಅಂಕಿ ನೋಡಿ ಟ್ರಕ್ ತಗೊಂಡವನು ಒಂದೇ ಕೋಲಲ್ಲಿ ಅಳತೆ ಆಗದ ನಾಲ್ಕು ಗಾಡಿನ ಹೋಲಿಸಿ ನೋಡ್ತಿದ್ದ.

ಈಗಲೂ ಎಲ್ಲಾ ಸರಿ ಆಗಿಲ್ಲ. 2021ರ ಎಫ್-150 ಗೆ 14,000 ಪೌಂಡ್ ಎಳೆಯತ್ತೆ, 3,325 ಪೌಂಡ್ ಹೊರತ್ತೆ ಅಂತ ಒಂದೇ ಉಸಿರಲ್ಲಿ ಹೇಳಿದ್ರು, ಆದ್ರೆ ಎಳೆಯೋದು 3.5 ಲೀಟರ್ ಟರ್ಬೋ ಎಂಜಿನ್ ಇರೋ ಗಾಡಿ, ಹೊರೋದು 5.0 ವಿ8 ಇರೋ ಬೇರೆ ಗಾಡಿ. ಎರಡೂ ಒಟ್ಟಿಗೆ ಮಾಡೋ ಒಂದು ಟ್ರಕ್ ಶೋರೂಮಲ್ಲಿ ಸಿಗಲ್ಲ, ಆ ವಿಷಯ ಕೆಳಗೆ ಸ್ಟಾರ್ ಹಾಕಿ ಇರುವೆ ಸಾಲಿನ ಥರ ಬರ್ದಿರ್ತಾರೆ.

ಅದಕ್ಕೇ ಇಲ್ಲಿ ಟ್ರೇಲರ್ ಎಳೆಯೋ ಅನುಭವಸ್ಥರು ಟಿವಿ ನೋಡಲ್ಲ, ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿನ ಸ್ಟಿಕರ್ ನೋಡ್ತಾರೆ. ಟೈರಿನ ಗಾಳಿ ಎಷ್ಟಿರ್ಬೇಕು ಅಂತ ಇರತ್ತಲ್ಲ ಅದೇ ಚೀಟಿ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಅಂತ ಒಂದು ಸಾಲು ಇರತ್ತೆ, ಅದು ಆ ಒಂದು ಗಾಡಿಗೇ ಲೆಕ್ಕ ಹಾಕಿದ ಅಂಕಿ, ಸನ್‌ರೂಫ್, ದೊಡ್ಡ ವೀಲು, ಲೆದರ್ ಸೀಟು ಏರಿಸಿದಷ್ಟೂ ಆ ಅಂಕಿ ಇಳಿಯತ್ತೆ. ಅದ್ರಲ್ಲಿ 1,500 ಪೌಂಡ್ ಅಂತ ಇದೆ ಅಂದ್ಕೊಳ್ಳಿ. ಟ್ರೇಲರ್ ಕೊಂಡಿ ಹಾಕಿದಾಗ ಅದರ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಟ್ರಕ್ಕಿನ ಮೇಲೆ ಕೂರತ್ತೆ, ಟಂಗ್ ವೇಟ್ ಅಂತಾರೆ. 9,000 ಪೌಂಡಿನ ಟ್ರೇಲರ್‌ಗೆ ನೂರಕ್ಕೆ ಹನ್ನೆರಡು ಅಂದ್ರೂ 1,080 ಪೌಂಡ್ ಅಲ್ಲೇ ಹೋಯ್ತು. ಉಳಿದ 420ರಲ್ಲಿ ಗಂಡ ಹೆಂಡತಿ ಕೂತ್ರೆ ಮಕ್ಕಳಿಗೆ ಜಾಗ ಇದ್ರೂ ತೂಕ ಇಲ್ಲ. ಜಾಹೀರಾತಲ್ಲಿ ಹೇಳಿದ 14,000 ಪೌಂಡ್ ಕಟ್ಟಿದ್ರೆ ಟಂಗ್ ವೇಟೇ 1,680, ಡ್ರೈವರ್ರೇ ಇಳಿದು ನಡ್ಕೊಂಡು ಹೋಗ್ಬೇಕು!

ಈ ಲೆಕ್ಕ ಯಾವ ಕಂಪನಿ ಜಾಹೀರಾತಲ್ಲೂ ಬರಲ್ಲ, ಎದುರಾಳಿ ಹೆಸರು ಹೇಳಿದ್ರೂ ಬರಲ್ಲ ಹೇಳದಿದ್ರೂ ಬರಲ್ಲ, ಯಾಕಂದ್ರೆ ಇದು ಮೂವರಿಗೂ ಒಟ್ಟಿಗೆ ಕಹಿ. ಹೆಸರು ಹೇಳೋದನ್ನ ನಿಲ್ಲಿಸಿದ್ರೆ ಕಲ್ಲು ಸುರಿದು ತೂತು ತೋರಿಸೋ ಒಬ್ಬನೂ ಇರಲ್ಲ, ಬೆಸ್ಟ್ ಇನ್ ಕ್ಲಾಸ್ ಮಾತ್ರ ಹಾಗೇ ಉಳಿಯತ್ತೆ. ನಿಮ್ಮಲ್ಲಿ ಒಂದು ಕೋರಿಕೆ, ವಾಹನ ಪುಟದಲ್ಲಿ ಇಂಥ ಟ್ರಕ್ ಬಗ್ಗೆ ಬರೆಯುವಾಗ ಕಂಪನಿ ಕಳಿಸಿದ ಗರಿಷ್ಠ ಅಂಕಿ ಹಾಕಿ ಬಿಡಬೇಡಿ, ನಿಮ್ಮವರು ಓಡಿಸಿದ ಗಾಡಿಯ ಬಾಗಿಲ ಸ್ಟಿಕರಿನ ಅಂಕಿನೂ ಪಕ್ಕದಲ್ಲೇ, ಅದೇ ಸೈಜಿನ ಅಕ್ಷರದಲ್ಲಿ ಹಾಕಿ.

ಇತಿ,
ನಿಮ್ಮ ಓದುಗ, ಟೆಕ್ಸಸ್